ನೆವಾರ್ಕಿನಿಂದ ನಾಗವ್ವ ಮತ್ತು ಮನೆಯವರೆಲ್ಲರೂ

ಕಾರಿನ ಅಡಿಯಲ್ಲಿ ಮಲಗಿದ್ದಾಗಲೂ ಜಗನ್ನಾಥನನ್ನು ಜನ ಬಿಡುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ನೆವಾರ್ಕಿನ ಗ್ಯಾರೇಜಿಗೆ ಆಯಿಲು ಬದಲಿಸಲು ಬಂದ ಕನ್ನಡದವರು ಅವನ ಕಾಲುಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು ಅವನ ಕನ್ನಡ ರೇಡಿಯೋ ಕಾರ್ಯಕ್ರಮದ ಚಂದಾದ ವಿಚಾರಣೆ ಶುರು ಮಾಡುತ್ತಿದ್ದರು.

“ಏನಪ್ಪಾ ಜಗ್ಗು, ರೇಡಿಯೋ ಗಾಳೀಲಿ ಬರುತ್ತೆ. ಗಾಳಿಗೂ ದುಡ್ಡು ಕೊಡ್ಬೇಕಾ?”

“ಗಾಳೀಲಿ ಬರುತ್ತೆ ಸಾರ್, ಆದ್ರೆ ಸ್ಟೇಷನ್ನು ಕರೆಂಟಲ್ಲಿ ನಡೆಯುತ್ತೆ,” ಎಂದು ಅವನು ಅಡಿಯಿಂದಲೇ ಗುಡುಗುತ್ತಿದ್ದ.

“ಗೌರ್ಮೆಂಟು ಕೊಡಲ್ವಾ?”

“ಕೊಡುತ್ತೆ. ಉಪ್ಪಿನಕಾಯಿ ಬಡಿಸಿ ಊಟ ಹಾಕ್ದೆ ಅನ್ನೋರು ಇರ್ತಾರಲ್ಲ, ಹಾಗೆ.”

“ಅಡ್ವರ್ಟೈಸ್‌ಮೆಂಟು ಹಾಕ್ಬಿಡಿ ಮತ್ತೆ!”

“ಹಾಕೋ ಹಾಗಿಲ್ಲ. ಹಾಕಿದ್ರೂ, ಸೋಪು ಮಾರೋನು ನಿಮ್ಮ ಕನ್ನಡಕ್ಕೆ ಟೈಮು ಬಿಡ್ತಾನಾ?”

ಗ್ರೋಸರಿಯಲ್ಲಿ ತೊಗರಿಬೇಳೆ ಆರಿಸುವಾಗ ಮೈಥಿಲಿ ಎಂಬ ಡಾಕ್ಟರು ತಡೆದು ನಿಲ್ಲಿಸಿ, ಕಾರ್ಯಕ್ರಮವನ್ನು ಮನೆಯಲ್ಲಿ ಟೇಪು ಮಾಡಿಕೊಂಡರೆ ತಪ್ಪೇ ಎಂದು ಕೇಳಿದ್ದರು. ಮಾಡ್ಕೊಳ್ಳಿ ಮೇಡಂ ಎಂದ ಮೇಲೆ, ಚಂದಾ ಕೊಟ್ಟು ಮೆಂಬರಾದವರಿಗೆ ಬಟ್ಟೆ ಚೀಲ ಕೊಡುತ್ತಾರಂತಲ್ಲ, ಅದಕ್ಕೆ ಜಿಪ್ಪು ಇದೆಯೇ ಎಂದೂ ಕೇಳಿದ್ದರು. ಇನ್ನೊಬ್ಬರಿಗೆ ಸ್ಟೇಷನ್ನೇ ಸಿಗುತ್ತಿರಲಿಲ್ಲ. ಜಗನ್ನಾಥ ಅವರ ಅಪಾರ್ಟ್‌ಮೆಂಟಿಗೆ ಹೋಗಿ, ರೇಡಿಯೋ ಹಿಂದೆ ತಂತಿ ಕಟ್ಟಿ, ಅದನ್ನು ಕಿಟಕಿಯ ಪರದೆಯ ಸರಳಿಗೆ ಸುತ್ತಿ ಕೊಟ್ಟು ಬಂದ. ಸಿಕ್ಕ ಮೇಲೆ ಅವರು ಹೇಳಿದ್ದು, “ಬರೀ ಅರ್ಧ ಗಂಟೆನಾ?”

ಅರ್ಧ ಗಂಟೆಯೇ. ಭಾನುವಾರ ಬೆಳಿಗ್ಗೆ, ಎಮರಿವಿಲ್‌ನ ಹಳೆಯ ಗೋದಾಮೊಂದರ ಮಹಡಿಯ ಪುಟ್ಟ ಸ್ಟೇಷನ್ನಿನಿಂದ. ಸಂಬಳವಿಲ್ಲ, ಬಸ್‌ಚಾರ್ಜೂ ಇಲ್ಲ. ಪಿಯುಸಿಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ಹಾಲ್‌ಟಿಕೆಟ್ಟನ್ನು ಲೆಕ್ಚರರ ಮುಂದೆಯೇ ಹರಿದು, ಅಕ್ಕ ರಮಾಳ ಬೆನ್ನಿಗೆ ಅಮೆರಿಕಕ್ಕೆ ಬಂದವನು ಜಗನ್ನಾಥ. ಇಲ್ಲಿ ಡಿಗ್ರಿಯ ಮೇಲೆ ಡಿಗ್ರಿ ಪೇರಿಸಿಕೊಂಡವರ ನಡುವೆ ಅವನಿಗೆ ತನ್ನದು ಅಂತ ಇದ್ದದ್ದು ಒಂದೇ: ಮೈಕಿನ ಮುಂದಿನ ಆ ಅರ್ಧ ಗಂಟೆ. ಅಲ್ಲಿ ಅವನ ಮಾರ್ಕ್ಸ್‌ಕಾರ್ಡನ್ನು ಯಾರೂ ಕೇಳುತ್ತಿರಲಿಲ್ಲ.

ಆ ಅರ್ಧ ಗಂಟೆಗೀಗ ಕುತ್ತು ಬಂದಿತ್ತು. ವರ್ಷಕ್ಕೊಮ್ಮೆ ಬರುವ ಚಂದಾ ವಾರ. ಸ್ಟೇಷನ್ನಿನ ಯಜಮಾನಿ ಡಾರತಿ ದೊಡ್ಡ ಕಪ್ಪುಹಲಗೆಯ ಮೇಲೆ ಒಂದೊಂದು ಕಾರ್ಯಕ್ರಮಕ್ಕೂ ಒಂದೊಂದು ಸಾಲು ಬಿಟ್ಟಿದ್ದಳು. ಕೇಳುಗರೊಬ್ಬರು ಫೋನು ಮಾಡಿದರೆ ಆ ಸಾಲಿನಲ್ಲಿ ಒಂದು ಗೀಟು. ಎಷ್ಟು ಕೊಟ್ಟರು ಎಂಬುದು ಅವಳಿಗೆ ಬೇಡ, ಎಷ್ಟು ಮನೆಯವರು ಎಂಬುದು ಬೇಕು. ಸಾಲು ತುಂಬಿದರೆ ಕಾರ್ಯಕ್ರಮ ಉಳಿಯಿತು. ತುಂಬದಿದ್ದರೆ ಆ ಹೊತ್ತು ತೋಟಗಾರಿಕೆಯ ಕಾರ್ಯಕ್ರಮ ನಡೆಸುವ ಮುದುಕನಿಗೆ. ಆತನ ಸಾಲು ಮಂಗಳವಾರವೇ ತುಂಬಿ, ಗೀಟುಗಳು ಪಕ್ಕದ ಗೋಡೆಗೆ ಹಬ್ಬಿದ್ದವು. ಅಷ್ಟೊಂದು ಜನಕ್ಕೆ ಗುಲಾಬಿ ಗಿಡದ ಹುಳುವಿನ ಚಿಂತೆ!

ಶನಿವಾರ ಭಾವ, ಕನ್ನಡ ಸಂಘದ ಅಧ್ಯಕ್ಷ ಶೇಷಾದ್ರಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಫ್ರೀಮಾಂಟಿನಿಂದ ರೆಡ್‌ವುಡ್ ಸಿಟಿಯವರೆಗಿನ ಕನ್ನಡದವರೆಲ್ಲ ಸೇರಿದ್ದರು. ಜಗನ್ನಾಥ ಸಪಾದಭಕ್ಷ್ಯದ ದೊನ್ನೆ ಹಿಡಿದೇ ಎದ್ದು ನಿಂತ. “ನಾಳೆ ಒಂಬತ್ತಕ್ಕೆ ಎಲ್ರೂ ಫೋನ್ ಮಾಡ್ಬೇಕು. ಮರೀಬೇಡಿ.” ಎಲ್ಲರೂ ತಲೆಯಾಡಿಸಿದರು. ಬಾಯಲ್ಲಿ ಪ್ರಸಾದವಿದ್ದಾಗ ಯಾರು ತಾನೇ ಇಲ್ಲ ಅಂದಾರು? ಅವನು ಗ್ಯಾರೇಜಿನ ಪಾಳಿಗೆ ಹೊರಟುಹೋದ.

ಭಾನುವಾರ ಚಂದಾ ವಾರದ ಲೆಕ್ಕದಲ್ಲಿ ಪೂರ್ತಿ ಒಂದು ಗಂಟೆ ಸಿಕ್ಕಿತ್ತು. ರಮಾ ದೊಡ್ಡ ಡಬ್ಬಿಯಲ್ಲಿ ಚಿತ್ರಾನ್ನ ತಂದು ಫೋನಿನ ಮುಂದೆ ಕೂತಳು. ಒಂಬತ್ತಕ್ಕೆ ಜಗನ್ನಾಥ ನಮಸ್ಕಾರ ಹೇಳಿದ, ನಂಬರು ಹೇಳಿದ, ಹಾಡು ಹಾಕಿದ. ಫೋನು ಸುಮ್ಮನಿತ್ತು. ಮತ್ತೆ ನಂಬರು ಹೇಳಿದ. ಫೋನು ಸುಮ್ಮನಿತ್ತು. ರಮಾ ರಿಸೀವರು ಎತ್ತಿ ಜೀವವಿದೆಯೋ ಇಲ್ಲವೋ ನೋಡಿದಳು. ಇತ್ತು.

ಮೂರನೆಯ ಹಾಡು ಮುಗಿಯುವಷ್ಟರಲ್ಲಿ ಅವನ ಪಿತ್ತ ನೆತ್ತಿಗೇರಿತು.

“ಏನ್ರೀ, ಮಲಗಿದೀರಾ? ನಿನ್ನೆ ಪ್ರಸಾದ ತಿನ್ನೋವಾಗ ತಲೆ ಆಡಿಸಿದ್ರಲ್ಲ, ಅದೇನು ನೊಣ ಓಡಿಸಿದ್ದಾ? ಮುಂದಿನ ವಾರದಿಂದ ಇಲ್ಲಿ ಗೊಬ್ಬರದ ವಿಷಯ ಮಾತಾಡ್ತಾರೆ. ಕೂತ್ಕೊಂಡು ಕೇಳಿ. ನಿಮ್ಮ ಮಕ್ಕಳಿಗೆ ‘ಅಮ್ಮಾ ನೀರು ಕೊಡು’ ಅನ್ನೋಕೆ ಬರಲ್ಲ, ಗೊಬ್ಬರ ಹಾಕೋಕಾದ್ರೂ ಬರ್ಲಿ!”

ಗಾಜಿನಾಚೆ ನಿಂತ ಡಾರತಿಗೆ ಒಂದಕ್ಷರ ತಿಳಿಯಲಿಲ್ಲ. ಹುಡುಗ ಭಕ್ತಿಯಿಂದ ಬೇಡಿಕೊಳ್ಳುತ್ತಿದ್ದಾನೆಂದುಕೊಂಡು ಹೆಬ್ಬೆರಳೆತ್ತಿ ಭೇಷ್ ಎಂದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ರಮಾ ಎರಡೂ ಕೈಯಲ್ಲಿ ಎತ್ತಿದಳು. “ಹಲೋ... ಅಯ್ಯೋ, ನೀವಾ? ಕುಕ್ಕರ್ ಆರಿಸಿದ್ರಾ?”

ಭಾವ. ಜಗನ್ನಾಥ ತಟ್ಟನೆ ಹಾಡೊಂದು ಹಾಕಿ ಫೋನು ಕಸಿದುಕೊಂಡ.

“ಜಗ್ಗು, ಯಾಕೋ ಹಂಗೆ ಬೈತಿದೀಯಾ? ಎಲ್ಲಾ ವ್ಯವಸ್ಥೆ ಆಗಿದೆ.” ಸಂಘದ ಅಧ್ಯಕ್ಷರ ದನಿಯಲ್ಲಿ ತೃಪ್ತಿ ತುಳುಕುತ್ತಿತ್ತು. “ನೀನು ಹೋದ್ಮೇಲೆ ಆರತಿ ತಟ್ಟೆ ಹಿಡಿದು ಎಲ್ಲರ ಹತ್ರಾನೂ ನಾನೇ ಕಲೆಕ್ಟ್ ಮಾಡ್ದೆ. ಎಲ್ಲರ ಪರವಾಗಿ ಒಂದೇ ಚೆಕ್ಕು, ಒಂದೇ ಫೋನು. ಎಲ್ರೂ ಮಾಡಿದ್ರೆ ನಿಮ್ಮ ಲೈನು ಜಾಮ್ ಆಗಲ್ವೇನೋ? ಯಾರೂ ಮಾಡ್ಬೇಡಿ ಅಂತ ಸ್ಟ್ರಿಕ್ಟಾಗಿ ಹೇಳಿದೀನಿ. ನಿಮ್ಮಕ್ಕ ಅಡುಗೆಮನೇಲಿದ್ಲು, ಅವಳಿಗೂ ಗೊತ್ತಿಲ್ಲ.”

ಗಣಪತಿ ಕೂರಿಸಿದಾಗ ಬೀದಿಯ ಚಂದಾವನ್ನೆಲ್ಲ ಒಬ್ಬ ಹಿರಿಯ ಒಟ್ಟು ಮಾಡಿ, ಶಾಲು ಹೊದ್ದು, ಒಂದೇ ಕೈಯಲ್ಲಿ ಒಪ್ಪಿಸುವುದು. ಅದನ್ನೇ ಇಲ್ಲೂ ಮಾಡಿಟ್ಟಿದ್ದರು. ಡಾರತಿ ಸೀಮೆಸುಣ್ಣ ತೆಗೆದುಕೊಂಡು ಕನ್ನಡದ ಸಾಲಿನಲ್ಲಿ ಗೀಟು ಎಳೆದಳು. ಒಂದು. ಬೋಳು ಬಯಲಲ್ಲಿ ನೆಟ್ಟ ಬೇಲಿಗೂಟದಂತೆ ಅದು ನಿಂತಿತು.

“ಭಾವ,” ಜಗನ್ನಾಥನ ಹಲ್ಲು ಕಟಕಟ ಎಂದವು, “ಕ್ಯಾಲಿಫೋರ್ನಿಯಾಕ್ಕೆಲ್ಲ ಕನ್ನಡ ಕೇಳೋನು ನೀವೊಬ್ರೇ ಅಂತ ಇಲ್ಲಿ ಬರ್ಕೊಂಡ್ರು.”

“ಅದ್ಹೆಂಗೆ? ಚೆಕ್ಕು ನೋಡಿದ್ರೆ—”

“ಚೆಕ್ಕು ರೇಡಿಯೋ ಕೇಳಲ್ಲ ಭಾವ!” ಎಂದು ಫೋನು ಕುಕ್ಕಿದ.

ಕುಕ್ಕಿದ ಫೋನು ಮತ್ತೆ ಬಡಿದುಕೊಂಡಿತು. ಭಾವನೇ ಇರಬೇಕೆಂದು ರಮಾ ಮುಖ ಸಿಂಡರಿಸಿ ಎತ್ತಿದಳು. ಆ ಕಡೆಯ ದನಿ ಅವಳು ಕಿವಿಯಿಂದ ದೂರ ಹಿಡಿದರೂ ಕೇಳಿಸುತ್ತಿತ್ತು.

“ಯಾರ್ರೀ ಅದು, ಈಗ ಬೈದಾಂವಾ? ಅವನ ಕೈಯಾಗ ಕೊಡ್ರಿ.”

ನಾಗವ್ವ. ಗ್ಯಾರೇಜಿಗೆ ಬರುವ ಎಂಜಿನಿಯರ್ ಶಿವರುದ್ರಪ್ಪನ ತಾಯಿ. ಹೋದ ತಿಂಗಳಷ್ಟೇ ಹುಬ್ಬಳ್ಳಿಯಿಂದ ಬಂದವಳು, ಶನಿವಾರದ ಪೂಜೆಗೆ ಬಂದಿರಲಿಲ್ಲ. ಅಧ್ಯಕ್ಷರ ಅಪ್ಪಣೆ ಅವಳ ಕಿವಿಗೆ ಬಿದ್ದಿರಲಿಲ್ಲ.

“ಹೇಳಿ ಅಜ್ಜಿ, ನಾನೇ.”

“ಚಲೋ ಬೈದಿ ತಮ್ಮಾ. ಭಾಳ ದಿನಾ ಆಗಿತ್ತು ಇಂಥಾ ಬೈಗುಳಾ ಕೇಳಿ. ಒಂದ್ ಮಾತ್ ಕೇಳ್ತೀನಿ. ಈ ರೇಡಿಯೋಕ್ಕ ಲೈಸೆನ್ಸ್ ಎಲ್ಲಿ ಮಾಡಸೂದು? ನಮ್ಮಲ್ಲೆ ರೇಡಿಯೋ ಇಟ್ಟವರು ವರ್ಷಾ ಪೋಸ್ಟಿನ್ಯಾಗ ರೊಕ್ಕಾ ತುಂಬತಿದ್ವಿ. ಇಲ್ಲೆ ಮಗನ್ನ ಕೇಳಿದ್ರ ನಗತಾನ. ಯಾರರ ಹಿಡೀಲಿಕ್ಕೆ ಬಂದ್ರ?”

“ಇಲ್ಲಿ ಲೈಸೆನ್ಸ್ ಇಲ್ಲ ಅಜ್ಜಿ. ಕೊಡೋರು ಕೊಡ್ತಾರೆ, ಕೊಡದೋರೂ ಕೇಳ್ತಾರೆ.”

“ಕೊಡದನೂ ಕೇಳತಾರ?” ನಾಗವ್ವನಿಗೆ ಮೈಯೆಲ್ಲ ಉರಿದುಹೋಯಿತು. “ಮಂದಿ ಹೊಲದಾಗ ಶೇಂಗಾ ಕಿತ್ತಂಗಾತು! ನಂದು ಬರಕೋ. ಆದ್ರ ಹೆಸರು ಓದಬೇಕ್ ನೋಡು. ಧಾರವಾಡ ಸ್ಟೇಷನ್ನಿನಾಗ ಒಂದ್ ಕಾರ್ಡ್ ಹಾಕಿದ್ರ ಹಾಡಿನ ಮುಂದ ಹೆಸರು ಓದತಿದ್ರು. ಮನಿಮಂದೀದೆಲ್ಲಾ. ನೀ ಎಂಥಾ ರೇಡಿಯೋದಾಂವೋ, ಒಬ್ಬರದರ ಹೆಸರು ತಗೀವಲ್ಲಿ!”

ಜಗನ್ನಾಥನಿಗೆ ಊರಿನ ರೇಡಿಯೋ ನೆನಪಾಯಿತು. ಚಿಕ್ಕಂದಿನಲ್ಲಿ ಮನೆಯವರೆಲ್ಲ ಅನ್ನದ ಕೈ ಒಣಗಿಸಿಕೊಂಡು, ಉಸಿರು ಬಿಗಿಹಿಡಿದು ರೇಡಿಯೋ ಮುಂದೆ ಕೂರುತ್ತಿದ್ದದ್ದು ಹಾಡಿಗಾಗಿ ಅಲ್ಲ. ಹಾಡು ಬೇಕಾದಷ್ಟು ಸಲ ಕೇಳಿದ್ದೇ. ಅದಕ್ಕೆ ಮುಂಚಿನ ಆ ಹೆಸರುಗಳಿಗಾಗಿ.

ಅವನು ಮೈಕು ಎಳೆದುಕೊಂಡು ಗಂಟಲು ಸರಿಮಾಡಿದ. ಹಳೆಯ ಆಕಾಶವಾಣಿಯ ಗಂಭೀರ ದನಿ ತಾನಾಗಿಯೇ ಬಂತು.

“ಮುಂದಿನ ಗೀತೆ. ಕೋರಿದವರು, ನೆವಾರ್ಕಿನಿಂದ ನಾಗವ್ವ, ಶಿವರುದ್ರಪ್ಪ, ಸೊಸೆ ದಾನವ್ವ, ಮೊಮ್ಮಗಳು ಪುಟ್ಟಿ, ಮತ್ತು ಮನೆಯವರೆಲ್ಲರೂ.”

ಸೂಜಿ ತಟ್ಟೆಗೆ ತಾಗುವ ಮೊದಲೇ ಫೋನು ಹೊಡೆಯಿತು. ರಮಾ ಎತ್ತಿದಳು, ಇಟ್ಟಳು, ಮತ್ತೆ ಹೊಡೆಯಿತು. ಡಾರತಿ ಓಡಿಬಂದು ಇನ್ನೊಂದು ಫೋನಿಗೆ ಕೂತಳು. ಅವಳು ಬರೆದುಕೊಂಡ ಹೆಸರುಗಳನ್ನು ಓದಲು ದೇವರೇ ಬರಬೇಕಿತ್ತು. ಸೋಮಲಿಂಗಪ್ಪ ಎಂಬುದು ಚೀನೀ ಹೋಟೆಲಿನ ಹೆಸರಿನಂತಾಗಿತ್ತು. ಆದರೂ ಗೀಟು ಗೀಟೇ.

“ನಾಗವ್ವನವರದ್ದು ಓದಿದ್ರಿ, ನಮ್ಮದು?”

“ನಾನು ಡಾಕ್ಟರ್ ಮೈಥಿಲಿ. ಡಾಕ್ಟರ್ ಅಂತ ಸೇರಿಸಿ. ಚೀಲ ಹಾಳಾಗಿ ಹೋಗ್ಲಿ.”

“ನಮ್ಮ ಅಪ್ಪನ ಹೆಸರು ಮೊದಲು ಬರ್ಲಿ ಕಣಪ್ಪಾ, ಇಲ್ಲೇ ಕೂತಿದಾರೆ, ಮುಖ ಊದಿಸ್ಕೋತಾರೆ.”

“ಅಂಕಲ್, ಕ್ಯಾನ್ ಯು ಸೇ ಮೈ ನೇಮ್ ಟೂ?” ಎಂದಿತು ಒಂದು ಮಗು. “ಕನ್ನಡದಲ್ಲಿ ಕೇಳು, ಹೇಳ್ತೀನಿ,” ಎಂದ ಜಗನ್ನಾಥ. ಆ ಕಡೆ ಪಿಸುಪಿಸು, ತಳ್ಳಾಟ, ನಗು. ಕೊನೆಗೆ, “ನನ್... ಹೆಸ್ರು... ಹೇಳಿ.” ಅವನು ಹೇಳಿದ. ಎರಡು ಸಲ ಹೇಳಿದ.

ಆ ಗಂಟೆಯ ಉಳಿದ ಭಾಗದಲ್ಲಿ ಹಾಡಿಗೆ ಜಾಗವೇ ಉಳಿಯಲಿಲ್ಲ. ಹೆಸರೇ ಹೆಸರು. ಫ್ರೀಮಾಂಟಿನಿಂದ, ಸನಿವೇಲಿನಿಂದ, ಓಕ್ಲೆಂಡಿನಿಂದ. ಕುಬೇರಪ್ಪ, ಶೈಲಜಾ, ಗುರುಪ್ರಸಾದ, ಮರಿತಾಯಮ್ಮ, ಮತ್ತು ಮನೆಯವರೆಲ್ಲರೂ, ಮತ್ತು ಮನೆಯವರೆಲ್ಲರೂ. ಡಿಗ್ರಿಯವರೂ ಇಲ್ಲದವರೂ ಒಂದೇ ಉಸಿರಿನಲ್ಲಿ ಸಾಲಾಗಿ ಹೋದರು. ಕಪ್ಪುಹಲಗೆಯ ಸಾಲು ತುಂಬಿತು. ಗೀಟುಗಳು ತೋಟಗಾರನ ಗೀಟುಗಳನ್ನು ಮುಟ್ಟಿ, ಅವುಗಳ ಪಕ್ಕದಲ್ಲೇ ಗೋಡೆ ಹತ್ತಿದವು.

ನಡುವೆ ಭಾವ ಮತ್ತೆ ಫೋನು ಮಾಡಿದ. “ಎಲ್ಲರದ್ದೂ ಓದ್ತಿದೀಯಾ. ಮೊದಲು ಫೋನ್ ಮಾಡಿದ್ದು ಯಾರೋ?”

“ನಿಮ್ಮದು ಎಲ್ಲರ ಪರವಾಗಿ ಅಲ್ವಾ ಭಾವ? ಎಲ್ಲರದ್ದೂ ಆಗ್ಲಿ, ತಾಳಿ.”

“ಲೋ, ನಿಮ್ಮಕ್ಕನ್ನ ಕೊಟ್ಟ ಮನೆ ಕಣೋ ಇದು!”

ರಮಾ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಗೆ ಜಗನ್ನಾಥ ಓದಿದ: “ಎಲ್ಲರ ಪರವಾಗಿ, ಕುಕ್ಕರ್ ಆರಿಸಲು ಮರೆತ ಶೇಷಾದ್ರಿ.” ಮರೆತಿದ್ದು ನಿಜವಿರಬೇಕು, ಆ ಕಡೆ ಫೋನು ಧೊಪ್ಪನೆ ಬಿದ್ದ ಸದ್ದಾಯಿತು.

ಹೊತ್ತು ಮುಗಿದಾಗ ಡಾರತಿ ಒಳಗೆ ಬಂದಳು. ಕೈ, ಮೂಗು ಎಲ್ಲ ಸೀಮೆಸುಣ್ಣ. ಭಾನುವಾರ ನಿನ್ನದೇ, ಎಂದಳು. ಮತ್ತೆ ಮತ್ತೆ ಒಂದೇ ಪಲ್ಲವಿ ಬರುವ ಆ ಉದ್ದನೆಯ ಹಾಡು ಬಹಳ ಚೆನ್ನಾಗಿತ್ತು, ಅದನ್ನು ಪ್ರತಿ ವಾರ ಹಾಡು. ಯಾವ ಹಾಡು ಎಂದು ಜಗನ್ನಾಥನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ, ಬಾಯಲ್ಲಿದ್ದ ಚಿತ್ರಾನ್ನ ನೆತ್ತಿಗೇರುವಷ್ಟು ನಕ್ಕ.

ಫೋನು ಇನ್ನೂ ಹೊಡೆಯುತ್ತಲೇ ಇತ್ತು. ಎತ್ತಿದರೆ ಮತ್ತೆ ನಾಗವ್ವ. ಈ ಸಲ ದನಿ ತಗ್ಗಿತ್ತು.

“ತಮ್ಮಾ, ಊರಿಗೆಲ್ಲಾ ನನ್ನ ಹೆಸರು ಸಾರಿಬಿಟ್ಟಿ. ನೆವಾರ್ಕ್ ಅಂತನೂ ಹೇಳಿಬಿಟ್ಟಿ. ಈಗ ಲೈಸೆನ್ಸಿನ ಇನ್‌ಸ್ಪೆಕ್ಟರ್ ಸೀದಾ ಮನೀಗೇ ಬಂದ್ರ ಏನ್ ಮಾಡ್ಲಿ?”

“ಬರ್ಲಿ ಅಜ್ಜಿ,” ಎಂದ ಜಗನ್ನಾಥ. “ಕೂರಿಸಿ ಚಾ ಕೊಡಿ. ಹೆಸರು ಕೇಳಿ ಇಟ್ಕೊಳ್ಳಿ. ಮುಂದಿನ ವಾರ ಅವನದ್ದೂ ಓದ್ತೀನಿ.”