ಟೀ ಕುಡಿದ ದಾಕ್ಷಿಣ್ಯ

ಏಣಿಯನ್ನು ಯಾವ ಬಸ್ಸಿನವರೂ ಹತ್ತಿಸಿಕೊಳ್ಳುವುದಿಲ್ಲ. ಪೇಂಟರಣ್ಣ ಈ ಪಾಠವನ್ನು ದಿನಾ ಬೆಳಿಗ್ಗೆ ಹೊಸದಾಗಿ ಕಲಿಯುತ್ತಿದ್ದ.

"ಇಳಿಸಪ್ಪಾ ಅದನ್ನ! ಜನರ ಕಣ್ಣಿಗೆ ಚುಚ್ಚುತ್ತೆ," ಅಂತ ಕಂಡಕ್ಟರ್ ಕೂಗುತ್ತಿದ್ದ.

"ಏಣಿಗೂ ಒಂದು ಟಿಕೆಟ್ ಕೊಡಿ ಸ್ವಾಮಿ, ತಗೋತೀನಿ."

"ಇವತ್ತು ಟಿಕೆಟ್ ಕೊಟ್ರೆ ನಾಳೆ ಅದು ಸೀಟು ಕೇಳುತ್ತೆ. ಇಳಿಸು, ಇಳಿಸು!"

ಬಸ್ಸಿನ ತುಂಬ ನಗು. ಪೇಂಟರಣ್ಣ ಏಣಿ ಹೆಗಲಿಗೇರಿಸಿ ನಡೆಯುತ್ತಿದ್ದ. ಹಿಂದೆ ಅವನ ಹೆಂಡತಿ, ಎರಡು ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಬ್ರಷ್ಷು ರೋಲರುಗಳ ಗಂಟು. ಗೋಡೆಯ ಬಿರುಕಿಗೆ ಪುಟ್ಟಿ ತುಂಬಿ, ಮರಳು ಕಾಗದ ಹಾಕಿ ಉಜ್ಜುವುದು ಅವಳ ಕೆಲಸ. ಬಣ್ಣ ಹೊಡೆಯುವುದು ಅವನದು. ಕೆಲಸದ ಮನೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿರುತ್ತಿತ್ತು. "ನಿಮ್ಮ ಕೈ ಚೆನ್ನಾಗಿದೆ, ಕಾಲು ನಿಧಾನ" ಅಂತ ಹೇಳಿ ಮನೆ ಯಜಮಾನರೊಬ್ಬರು ಗಾಡಿ ಇರುವ ಬೇರೆಯವರಿಗೆ ಕೆಲಸ ಕೊಟ್ಟುಬಿಟ್ಟರು. ಬಲಗಡೆ ಹೆಗಲು ಬೇರೆ ಮಾತು ಕೇಳುತ್ತಿರಲಿಲ್ಲ. ಮೇಲ್ಛಾವಣಿಗೆ ರೋಲರ್ ಎತ್ತಿದರೆ ಕೈ ತಾನಾಗಿ ಕೆಳಗೆ ಬರುತ್ತಿತ್ತು.

ಒಂದು ಹಳೇ ವ್ಯಾನು ತಗೊಳ್ಳದೆ ಗತಿಯಿಲ್ಲ ಅಂತ ಗಂಡ ಹೆಂಡತಿ ಇಬ್ಬರೂ ತೀರ್ಮಾನ ಮಾಡಿದರು. ಕೂಡಿಟ್ಟದ್ದು ಒಂದೇ ಒಂದು ವ್ಯಾನಿಗೆ ಸಾಕಾಗುವಷ್ಟು. ಅದು ಕೈಕೊಟ್ಟರೆ ಮತ್ತೆ ಏಣಿ ಹೆಗಲಿಗೆ, ಅಷ್ಟೇ. ಆ ಹೆಗಲೋ, ಇನ್ನೆಷ್ಟು ದಿನ ಬರುತ್ತೋ ಗೊತ್ತಿಲ್ಲ.

ಹಳೇ ಗಾಡಿ ಮಾರುವ ಶೆಡ್ಡು ಊರಾಚೆಯ ದೊಡ್ಡ ರಸ್ತೆಯಲ್ಲಿತ್ತು. ಅದರ ಮಾಲೀಕನ ಮಾತು ಎಷ್ಟು ಸಿಹಿ ಅಂದರೆ ಎಲ್ಲರೂ ಅವನನ್ನು ಸಕ್ಕರೆಯಣ್ಣ ಅಂತಲೇ ಕರೆಯುವುದು. ಇವರನ್ನು ಕಂಡಕೂಡಲೇ ಓಡಿಬಂದ. ಕುರ್ಚಿಯ ಧೂಳನ್ನು ತನ್ನ ಟವೆಲ್ಲಿನಲ್ಲೇ ಒರೆಸಿದ. ಏಲಕ್ಕಿ ಹಾಕಿದ ಟೀ ತರಿಸಿದ. "ಅಮ್ಮಾವ್ರಿಗೆ ಸಕ್ಕರೆ ಸಾಕಾ ತಾಯಿ?" ಅಂತ ಹೆಂಡತಿಯನ್ನೂ ಕೇಳಿದ. ಇಷ್ಟು ವರ್ಷ ಊರಿನ ಮನೆಗಳಿಗೆಲ್ಲ ಬಣ್ಣ ಹೊಡೆದರೂ ಪೇಂಟರಣ್ಣನಿಗೆ ಕುರ್ಚಿ ಒರೆಸಿ ಕೊಟ್ಟವರು ಯಾರೂ ಇರಲಿಲ್ಲ. ಅವನು ಕರಗಿಹೋದ.

ಬಿಳೀ ವ್ಯಾನು ಬಿಸಿಲಲ್ಲಿ ಕನ್ನಡಿಯ ಹಾಗೆ ನಿಂತಿತ್ತು. ಪೇಂಟರಣ್ಣ ಬಾಗಿಲ ಮೇಲೆ ಬೆರಳಾಡಿಸಿದ. ಒಂದು ಗೆರೆಯಿಲ್ಲ, ಒಂದು ಹನಿ ಇಳಿದಿಲ್ಲ.

"ಆಹಾ, ಏನು ಕೈಕೆಲಸ! ಯಾರು ಹೊಡೆದಿದ್ದು?"

"ಗೊತ್ತಿರೋರಿಗೆ ಮಾತ್ರ ಬೆಲೆ ಗೊತ್ತಾಗೋದು ನೋಡಿ!" ಅಂದ ಸಕ್ಕರೆಯಣ್ಣ.

ಹೆಂಡತಿ ಸುಮ್ಮನೆ ಮುಂದೆ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. "ಅಣ್ಣಾ, ನಾವು ಬರೋಕೆ ಮುಂಚೆ ಈ ಒಲೆ ಮೇಲೆ ಯಾರು ಅಡುಗೆ ಮಾಡಿದ್ದು? ಇನ್ನೂ ಬಿಸಿ ಇದೆಯಲ್ಲ!"

"ಈಗ ತಾನೇ ಒಂದು ಸುತ್ತು ಹೊಡೆಸಿ ನಿಲ್ಸಿದ್ವಿ ತಾಯಿ." ಸಕ್ಕರೆಯಣ್ಣನ ನಗು ಸ್ವಲ್ಪ ಜಾಸ್ತಿಯೇ ಆಯಿತು.

ಅವಳು ಕೆಳಗೆ ಬಗ್ಗಿ ನೋಡಲು ಹೋದಳು. ಪೇಂಟರಣ್ಣ ಕಣ್ಣಲ್ಲೇ ಗದರಿಸಿದ. ಕೈಯಲ್ಲಿ ಇನ್ನೂ ಟೀ ಲೋಟ ಇದೆ, ಅವರ ಗಾಡಿಯ ಹೊಟ್ಟೆ ಕೆಳಗೆ ತೂರುವುದಾ? ಏನಂದುಕೊಳ್ಳುತ್ತಾರೆ? ಕಾಗದಪತ್ರ ಕೇಳಿದಾಗಲೂ ಹಾಗೇ ಆಯಿತು. "ಹಳೇ ಓನರ್ ಹತ್ರ ಇದೆ, ನಾಳೆ ನಾಡಿದ್ದು ಬರುತ್ತೆ. ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದ ಸಕ್ಕರೆಯಣ್ಣ. ಇಲ್ಲ ಅನ್ನಲು ಪೇಂಟರಣ್ಣನಿಗೆ ಬಾಯಿ ಬರಲಿಲ್ಲ.

"ನೋಡಿ, ಇನ್ನೊಂದು ಪಾರ್ಟಿ ಬರ್ತಾ ಇದೆ. ನಿಮ್ಮ ಮುಖ ನೋಡಿ ಹೇಳ್ತಿದೀನಿ, ಈಗಲೇ ಒಂದಿಷ್ಟು ಅಡ್ವಾನ್ಸ್ ಇಟ್ಟುಬಿಡಿ."

ಪೇಂಟರಣ್ಣನ ಕೈ ಜೇಬಿಗೆ ಹೋಯಿತು. ಹೆಂಡತಿ ಆ ಕೈ ಹಿಡಿದಳು. "ನಮ್ಮ ಅತ್ತಿಗೆ ನೋಡ್ದೆ ನಮ್ಮನೇಲಿ ಒಂದು ಪೊರಕೇನೂ ತಗೊಳ್ಳಲ್ಲ ಅಣ್ಣಾ. ನಾಳೆ ಬರ್ತೀವಿ."

ದಾರಿಯುದ್ದಕ್ಕೂ ಪೇಂಟರಣ್ಣ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಮನೆಯಲ್ಲಿ ಅವನ ಅಕ್ಕ ಕೂತಿದ್ದಳು. ಅಂಗಡಿ ಆಫೀಸುಗಳಿಗೆ ನೀರಿನ ಕ್ಯಾನು ಹಾಕಲು ತಾನೇ ವ್ಯಾನು ಓಡಿಸುವ ಹೆಂಗಸು, ಗಂಟಲು ದೊಡ್ಡದು. ಅವಳನ್ನು ಕಂಡದ್ದೇ ಇವನ ಸಿಟ್ಟು ಹೊರಗೆ ಬಿತ್ತು.

"ನೋಡಕ್ಕಾ, ನಿನ್ನ ನಾದಿನಿ ನನ್ನ ಮಾನ ತೆಗೆದಳು! ಅಂಥಾ ಮನುಷ್ಯನ ಮುಂದೆ ಕೈ ಹಿಡೀತಾಳೆ!"

"ಕೈ ಹಿಡಿದಿದ್ದು ನಿನ್ನದು ತಾನೇ, ಅವನದಲ್ಲವಲ್ಲ," ಅಂದಳು ಅಕ್ಕ. "ಸರಿ, ವ್ಯಾನಲ್ಲಿ ಏನೇನು ನೋಡ್ದೆ?"

"ಬಣ್ಣ ಎಷ್ಟು ಚೆನ್ನಾಗಿತ್ತು ಅಂದ್ರೆ..."

"ಆಮೇಲೆ?"

"ಸೀಟು."

"ಆಮೇಲೆ?"

ಪೇಂಟರಣ್ಣ ಗೋಡೆ ನೋಡಿದ. "ಬಾನೆಟ್ಟು ಬಿಸಿ ಇತ್ತು ಅತ್ತಿಗೆ," ಅಂತ ಹೆಂಡತಿ ಅಡುಗೆಮನೆಯಿಂದ ಕೂಗಿದಳು.

"ಲೋ ತಮ್ಮಾ, ಗಿರಾಕಿ ಒಬ್ಬ ಬಂದು ತೇವದ ಗೋಡೆ ತೋರಿಸಿ, ಮೇಲೆ ಒಂದು ಕೋಟು ಹೊಡೆದು ಮುಚ್ಚಿಬಿಡು, ಮನೆ ಮಾರ್ಬೇಕು ಅಂದ್ರೆ ಏನಂತೀಯ?"

"ಹೊಡೆಯಲ್ಲ ಅಂತೀನಿ. ಒಂದು ಮಳೆಗೆ ಎದ್ದು ಬರುತ್ತೆ. ಅದು ಮೋಸ."

"ನೀನು ಹೊಡೆಯಲ್ಲ. ಹೊಡೆಯೋರು ಊರಲ್ಲಿ ಇಲ್ವಾ? ಗೋಡೆಗೆ ಹೊಡೆಯೋರು ಗಾಡಿಗೆ ಹೊಡೆಯಲ್ವಾ?"

ಪೇಂಟರಣ್ಣ ಉಗುರಿಗೆ ಅಂಟಿದ ಬಣ್ಣ ಕೆರೆದ. ಆಮೇಲೆ ಮೆಲ್ಲಗೆ ಅಂದ: "ಟೀ ಕೊಟ್ಟಿದ್ದ ಅಕ್ಕಾ. ಟೀ ಕುಡಿದು ಅವನ ಮುಂದೇನೇ ನೆಲಕ್ಕೆ ಬಗ್ಗಿ ಹುಡುಕೋದು ಹೇಗೆ? ದಾಕ್ಷಿಣ್ಯ ಆಯ್ತು."

ಅಕ್ಕ ಎದ್ದೇ ನಿಂತಳು. "ದಾಕ್ಷಿಣ್ಯ! ಅವನಿಗೆ ಇದೆಯಾ ದಾಕ್ಷಿಣ್ಯ? ಒಂದು ಲೋಟ ಟೀ ಋಣಕ್ಕೆ ಒಂದು ವ್ಯಾನ್ ತಗೋತೀಯಾ? ಬೇಕಾದ್ರೆ ಟೀ ದುಡ್ಡು ಮೇಜಿನ ಮೇಲಿಟ್ಟು ಬಾ. ಅವನು ಬಾನೆಟ್ ಯಾಕೆ ಬಿಸಿ ಮಾಡಿಟ್ಟಿದ್ದ ಗೊತ್ತಾ? ರೋಗ ಇರೋ ಇಂಜಿನ್ನು ತಣ್ಣಗಿದ್ದಾಗ ಗುಟ್ಟು ಬಿಟ್ಟುಕೊಡುತ್ತೆ. ಗಾಡಿಯದ್ದು ಬೆಳಿಗ್ಗೆ ಎದ್ದಾಗಿನ ಮುಖ ನೋಡ್ಬೇಕು ಕಣೋ. ಸ್ನೋ ಪೌಡರ್ ಹಾಕ್ಕೊಂಡ ಮೇಲೆ ಅಲ್ಲ."

"ಅದನ್ನೇ ನಾನು ಅಂದಿದ್ದು," ಅಂದಳು ಹೆಂಡತಿ ಒಳಗಿನಿಂದ. "ನನಗೆ ಕಣ್ಣು ಬಿಟ್ರು."

ಮಾರನೇ ದಿನ ಹೇಳದೆ ಕೇಳದೆ ಬೆಳಿಗ್ಗೆಯೇ ಮೂವರೂ ಶೆಡ್ಡಿಗೆ ಹೋದರು. ಸಕ್ಕರೆಯಣ್ಣ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದ.

"ಏನಕ್ಕಾ, ಒಂದು ಫೋನ್ ಮಾಡಿದ್ರೆ ರೆಡಿ ಮಾಡಿ ಇಡ್ತಿದ್ದೆನಲ್ಲ!"

"ರೆಡಿ ಮಾಡ್ಬಾರ್ದು ಅಂತಲೇ ಮಾಡಲಿಲ್ಲ," ಅಂದಳು ಅಕ್ಕ. "ಟೀ ಬೇಡ. ಕೀಲಿ ಕೊಡು."

ಇಂಜಿನ್ನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಕೊನೆಗೆ ಹೊತ್ತಿಕೊಂಡಾಗ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಬಂತು. ಬಂದದ್ದು ನಿಲ್ಲಲಿಲ್ಲ. "ಆಯಿಲ್ ಕುಡೀತಿದೆ," ಅಂದಳು ಅಕ್ಕ.

"ಚಳಿಗೆ ಹಾಗೆ ಅಕ್ಕಾ."

"ಚಳಿ ಎಲ್ಲಿದೆಯಪ್ಪಾ? ನೀನು ಬನಿಯನ್ನಲ್ಲಿ ನಿಂತಿದೀಯ."

ಪೇಂಟರಣ್ಣ ಬಣ್ಣ ಹೊಡೆಯುವಾಗ ಜನರ ಮನೆ ನೆಲಕ್ಕೆ ಹಾಸುವ ಹಳೇ ದಪ್ಪ ಬಟ್ಟೆಯನ್ನು ವ್ಯಾನಿನ ಪಕ್ಕ ಹಾಸಿದ. ಅದರ ಮೇಲೆ ಅಂಗಾತ ಮಲಗಿ ಒಳಕ್ಕೆ ಜರುಗಿದ.

ಕೆಳಗೂ ಹೊಸ ಬಣ್ಣ. ಕರಿ ಬಣ್ಣ. ಯಾರೂ ನೋಡದ ಜಾಗಕ್ಕೆ ಯಾರಪ್ಪಾ ಇಷ್ಟು ಚೆಂದ ಹೊಡೆಯೋರು? ಗೋಡೆ ಪೊಳ್ಳಿದೆಯಾ ಅಂತ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಅವನ ಅಭ್ಯಾಸ. ಇಲ್ಲೂ ತಟ್ಟಿದ. ಠಣ್. ಠಣ್. ಠಣ್. ಇಡೀ ಗಾಡಿಯ ಭಾರ ಹೊರುವ ಕಬ್ಬಿಣದ ಪಟ್ಟಿಯನ್ನು ತಟ್ಟುತ್ತಾ ಹಿಂಚಕ್ರದ ಹತ್ತಿರ ಬಂದಾಗ ಸದ್ದು ಬದಲಾಯಿತು. ದಬ್.

ಆ ಸದ್ದು ಅವನಿಗೆ ತನ್ನ ಹೆಂಡತಿಯ ದನಿಯಷ್ಟೇ ಪರಿಚಯ. ಅದು ಪುಟ್ಟಿ.

"ಕೆರೆದು ನೋಡ್ಲಾ?" ಒಳಗಿನಿಂದಲೇ ಕೇಳಿದ.

"ಅಯ್ಯೋ, ಬಣ್ಣ ಹಾಳಾಗುತ್ತೆ!"

"ಹಾಳಾದ್ರೆ ನಾನೇ ಹೊಡ್ಕೊಡ್ತೀನಿ, ಪುಕ್ಕಟೆ." ಜೇಬಿನಲ್ಲಿದ್ದ ಪುಟ್ಟಿ ಬ್ಲೇಡಿನ ತುದಿ ಒತ್ತಿದ. ಬ್ಲೇಡು ಹಿಡಿಯ ತನಕ ಒಳಗೆ ಹೋಯಿತು. ಕಬ್ಬಿಣ ಇರಬೇಕಾದ ಕಡೆ ಕಬ್ಬಿಣವೇ ಇರಲಿಲ್ಲ. ತುಕ್ಕಿನ ಹಕ್ಕಳೆ ಮುಖದ ಮೇಲೆ, ಬಾಯೊಳಗೆ ಉದುರಿತು.

ಹೊರಗೆ ಬಂದಾಗ ಅವನ ಮುಖವೆಲ್ಲ ಕೆಂಪು. ಅರ್ಧ ತುಕ್ಕು, ಅರ್ಧ ಕೋಪ.

"ಹಳೇ ಗಾಡಿ ಅಂದಮೇಲೆ ಒಂಚೂರು ತುಕ್ಕು ಇರಲ್ವಾ?" ಅಂದ ಸಕ್ಕರೆಯಣ್ಣ.

"ತುಕ್ಕಿಗೆ ನನಗೆ ಕೋಪ ಇಲ್ಲ ಕಣಯ್ಯಾ. ಕಬ್ಬಿಣ, ಹಿಡಿಯುತ್ತೆ. ಇದೆ ಅಂತ ಹೇಳಿ, ಬೆಲೆ ಇಳಿಸಿ, ರಿಪೇರಿ ಮಾಡಿಸ್ಕೊ ಅಂದಿದ್ರೆ ನಿನಗೆ ಕೈ ಮುಗೀತಿದ್ದೆ. ನೀನು ಅದಕ್ಕೆ ಪುಟ್ಟಿ ತುಂಬಿದೆ, ಉಜ್ಜಿದೆ, ಬಣ್ಣ ಬಳಿದೆ, ಬಳಿದು ನನಗೆ ಟೀ ಕೊಟ್ಟೆ! ಮೇಲೆ ಏಣಿ, ಹಿಂದೆ ಡಬ್ಬ ತುಂಬ ಬಣ್ಣ ಹೇರ್ಕೊಂಡು ಇಳಿಜಾರಲ್ಲಿ ಹೋಗುವಾಗ ಇದು ಮುರಿದ್ರೆ? ಪಕ್ಕದ ಸೀಟಲ್ಲಿ ನನ್ನ ಹೆಂಡ್ತಿ ಕೂತಿರ್ತಾಳೆ. ಅವಳಿಗೆ ಸಕ್ಕರೆ ಸಾಕಾ ತಾಯಿ ಅಂತ ಕೇಳಿದ್ಯಲ್ಲ!"

ಸಕ್ಕರೆಯಣ್ಣನ ಮುಖದಲ್ಲಿ ಸಿಹಿ ಇಂಗಿಹೋಯಿತು. "ಬೇಡ ಅಂದ್ರೆ ಬಿಡಿ. ಗಾಡಿಗೆ ಜನ ಇದಾರೆ."

ಇದ್ದರು. ಇನ್ನೊಂದು ಪಾರ್ಟಿ ಅನ್ನುವುದು ಬರೀ ಬೂಟಾಟಿಕೆ ಅಂತ ಅಕ್ಕ ತಿಳಿದಿದ್ದಳು. ಆದರೆ ಅಷ್ಟರಲ್ಲಿ ಗೇಟಿನೊಳಗೆ ನಿಜವಾಗಿಯೂ ಇಬ್ಬರು ಬಂದರು. ಹೂಕುಂಡ, ಗಿಡ ಮಾರುವ ಒಬ್ಬ ಮುದುಕ, ಜೊತೆಗೆ ಅವನ ಮಗಳು. ಇಬ್ಬರ ಉಗುರಲ್ಲೂ ಮಣ್ಣು. ಸಕ್ಕರೆಯಣ್ಣ ಟವೆಲ್ ತೆಗೆದು ಕುರ್ಚಿ ಒರೆಸಿದ. ಟೀ ಬಂತು. ಮುದುಕ ಬಿಳೀ ವ್ಯಾನನ್ನು ನೋಡುತ್ತಾ ನಿಂತ. ಆ ನೋಟ ಯಾವುದು ಅಂತ ಪೇಂಟರಣ್ಣನಿಗೆ ಗೊತ್ತಿತ್ತು. ನಿನ್ನೆ ಅದು ಅವನದೇ ಆಗಿತ್ತು.

"ಬಾರೋ, ನಮ್ಮ ಕೆಲಸ ಆಯ್ತು," ಅಕ್ಕ ಪಿಸುಗುಟ್ಟಿದಳು. "ಅವನ ಶೆಡ್ಡಲ್ಲಿ ನಿಂತು ಅವನ ವ್ಯಾಪಾರ ಕೆಡಿಸಿದ್ರೆ ಚೆನ್ನಾಗಿರಲ್ಲ."

ಪೇಂಟರಣ್ಣ ಅಕ್ಕನ ಮುಖ ನೋಡಿದ. "ದಾಕ್ಷಿಣ್ಯನಾ ಅಕ್ಕಾ?"

ಅಷ್ಟು ದೊಡ್ಡ ಗಂಟಲಿನ ಅಕ್ಕ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಅವನು ಮಡಚಿದ್ದ ಬಟ್ಟೆಯನ್ನು ಮತ್ತೆ ಬಿಚ್ಚಿ ವ್ಯಾನಿನ ಪಕ್ಕ ಹಾಸಿದ. "ಯಜಮಾನ್ರೇ, ಟೀ ಕುಡೀರಿ, ಚೆನ್ನಾಗಿರುತ್ತೆ. ಕುಡಿದಾದ ಮೇಲೆ ಇಲ್ಲಿ ಮಲಗಿ ಹಿಂಚಕ್ರದ ಹತ್ರ ಒಂದ್ಸಲ ನೋಡಿ. ಬಟ್ಟೆ ಒಗೆದಿದ್ದೇ, ಕೊಳೆ ಆಗಲ್ಲ."

ಸಕ್ಕರೆಯಣ್ಣ ಕೂಗಾಡಿದ. ಅಷ್ಟರಲ್ಲಿ ಮಗಳು ಲೋಟ ಕೆಳಗಿಟ್ಟು ಸೆರಗು ಸಿಕ್ಕಿಸಿ ಬಟ್ಟೆಯ ಮೇಲೆ ಮಲಗಿ ಆಗಿತ್ತು.

ಕೆಲವು ವಾರ ಹುಡುಕಿದ ಮೇಲೆ ಪೇಂಟರಣ್ಣನಿಗೂ ಒಂದು ವ್ಯಾನು ಸಿಕ್ಕಿತು. ಅಂಗಡಿ ಮುಚ್ಚಿದ ಹೆಂಗಸೊಬ್ಬಳು ಮಾರಿದ್ದು. ಕಾಗದ ಅವಳ ಹೆಸರಲ್ಲೇ ಇತ್ತು, ಕಾಗದದ ನಂಬರೂ ಗಾಡಿಯ ಮೇಲೆ ಕೊರೆದ ನಂಬರೂ ಒಂದೇ ಆಗಿತ್ತು. "ಕ್ಲಚ್ ಸವೆದಿದೆ, ನೋಡ್ಕೊಳ್ಳಿ" ಅಂತ ಅವಳೇ ಬಾಯಿಬಿಟ್ಟು ಹೇಳಿದಳು. ಅಕ್ಕ ಗೊತ್ತು ಮಾಡಿದ ಮೆಕ್ಯಾನಿಕ್ ಕೆಳಗೆ ಮೇಲೆ ನೋಡಿ, ಹೇರು ಹೇರಿಸಿ, ಏರು ಹತ್ತಿಸಿ, ಬ್ರೇಕ್ ಒತ್ತಿ ಆಮೇಲೆ ಹೂಂ ಅಂದ. ಅವನ ಕೂಲಿ ಕೊಡುವಾಗ ಪೇಂಟರಣ್ಣ ಗೊಣಗಿದ್ದು ನಿಜ. ಕ್ಲಚ್ಚಿಗೆ, ಟೈರಿಗೆ ಅಂತ ಹೆಂಡತಿ ಮೊದಲೇ ಒಂದು ಪಾಲು ಎತ್ತಿಟ್ಟಿದ್ದು ಒಳ್ಳೆಯದಾಯಿತು.

ಆ ವ್ಯಾನಿನ ಬಣ್ಣ ನೋಡಬಾರದು. ಬಿಸಿಲಿಗೆ ಹೋಗಿ ಹೋಗಿ ಯಾವ ಬಣ್ಣ ಅಂತಲೂ ಹೇಳಲು ಬಾರದು. "ಏನಪ್ಪಾ, ಪೇಂಟರ್ ಗಾಡಿಗೇ ಪೇಂಟ್ ಇಲ್ವಾ?" ಅಂತ ಗಿರಾಕಿಗಳು ನಗುತ್ತಾರೆ. "ಬಣ್ಣ ನನ್ನ ಕೈಯಲ್ಲಿದೆ, ಯಾವಾಗ ಬೇಕಾದ್ರೂ ಹೊಡೀಬಹುದು," ಅನ್ನುತ್ತಾನೆ ಪೇಂಟರಣ್ಣ. ಏಣಿ ಈಗ ವ್ಯಾನಿನ ಮೇಲೆ ಮಲಗಿ ಹೋಗುತ್ತದೆ. ಬಸ್ಸು ಎದುರಾದರೆ ಹೆಂಡತಿ ಕಂಡಕ್ಟರಿಗೆ ಕೈ ಬೀಸುತ್ತಾಳೆ.

ಅಣ್ಣಂದಿರೇ, ಅಕ್ಕಂದಿರೇ, ಬೆವರು ಸುರಿಸಿ ಕೂಡಿಟ್ಟದ್ದು ನೀವು. ಕೆಟ್ಟ ಗಾಡಿಗೆ ಬಣ್ಣ ಬಳಿಯುವವನಿಗೆ ಇಲ್ಲದ ನಾಚಿಕೆ ಬಗ್ಗಿ ನೋಡುವ ನಿಮಗೆ ಯಾಕೆ? ಇಂಜಿನ್ನು ತಣ್ಣಗಿರುವಾಗ ಹೋಗಿ. ಕಾಗದ ನಾಳೆ ಬರುತ್ತೆ ಅಂದರೆ ನಿಮ್ಮ ದುಡ್ಡೂ ನಾಳೆಯೇ ಬರಲಿ. ಗಾಡಿಯ ಮೇಲೆ ಹಳೇ ಸಾಲ, ದಂಡ ಬಾಕಿ ಇದೆಯಾ ಅಂತ ವಿಚಾರಿಸಿ. ಮೆಕ್ಯಾನಿಕ್ ಮಾರುವವನ ಕಡೆಯವನಾಗಿರದೆ ನಿಮ್ಮ ಕಡೆಯವನಾಗಿರಲಿ. ಇದ್ದಬದ್ದದ್ದನ್ನೆಲ್ಲ ಗಾಡಿಗೇ ಸುರಿಯದೆ ರಿಪೇರಿಗೂ ಒಂದಿಷ್ಟು ಉಳಿಸಿಕೊಳ್ಳಿ. ಇನ್ನೊಂದು ಪಾರ್ಟಿ ಬರ್ತಿದೆ ಅಂದರೆ ಬರಲಿ ಬಿಡಿ. ಬಂದರೆ ಅವರಿಗೂ ಕಂಡದ್ದನ್ನು ಹೇಳಿ. ಟೀ ಕೊಟ್ಟರೆ ಸಂತೋಷವಾಗಿ ಕುಡಿಯಿರಿ.

ಹೋಗುವಾಗ ಕೈಯಲ್ಲಿ ಒಂದು ಹಳೇ ಬಟ್ಟೆ ಇರಲಿ. ನೆಲಕ್ಕೆ ಹಾಸಿ, ಮಲಗಿ ನೋಡಿ.