ಮೇಜಿನ ಕೆಳಗಿನ ಬುಟ್ಟಿ

ಹೊಲಿಗೆ ಯಂತ್ರದಲ್ಲಿ ದಾರವೇ ಇರಲಿಲ್ಲ. ಆದರೂ ಟೈಲರಮ್ಮ ಒಂದೇ ಸಮನೆ ಪೆಡಲು ತುಳಿಯುತ್ತಿದ್ದಳು. ಯಾರದೋ ಅಂಗಿಯ ತೋಳಿನುದ್ದಕ್ಕೂ ಸೂಜಿ ಬರಿದೇ ತೂತು ಕೊರೆಯುತ್ತ ಹೋಯಿತು. ನಿಲ್ಲಿಸಿದರೆ ಕೇಳಿಸಿಬಿಡುತ್ತದೆ. ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಪರದೆಯ ಹಿಂದೆ, ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಮೊಟ್ಟೆಯೊಳಗಿನ ಮರಿಗಳು ಹೊರಗೆ ಬರುವ ಮೊದಲೇ ಬೆಳಗಿನಿಂದ ಚಿಂವ್‌ಗುಡಲು ಶುರುಮಾಡಿದ್ದವು.

ಬಾಗಿಲಲ್ಲಿ ಬಿಳಿ ನಿಲುವಂಗಿ ತೊಟ್ಟು, ಮುಖ ಮುಚ್ಚಿಕೊಂಡ ದನದ ಡಾಕ್ಟರು ನಿಂತಿದ್ದಳು. ಹಿಂದೆ ಗೋಣಿಚೀಲ ಹಿಡಿದ ಆಳು. ಬೀದಿಯಲ್ಲಿ ಹಕ್ಕಿಜ್ವರ ಬಂದು ಕೋಳಿಗಳು ಸಾಯುತ್ತಿದ್ದುದರಿಂದ ಉಳಿದವನ್ನೂ ಮನೆಮನೆಯಿಂದ ಒಯ್ಯುತ್ತಿದ್ದರು.

"ಕೋಳಿ ಏನಾದ್ರೂ ಇದ್ಯಾ, ಅಜ್ಜಿ?"

ಅತ್ತೆ ಹೊಸ್ತಿಲಿಗೆ ಅಡ್ಡ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಕೋಳಿನಾ? ಇರೋ ಒಬ್ಬ ಸೊಸೆನ ಸಾಕೋದ್ರಲ್ಲೇ ಸುಸ್ತಾಗಿದೀನಿ ತಾಯಿ. ಬೇಕಾದ್ರೆ ಇವಳನ್ನೇ ಚೀಲಕ್ಕೆ ತುಂಬ್ಕೊಂಡು ಹೋಗಿ."

ಡಾಕ್ಟರು ನಕ್ಕದ್ದು ಕಣ್ಣಲ್ಲಷ್ಟೇ ಕಂಡಿತು. "ಇದ್ರೆ ಮುಚ್ಚಿಡ್ಬೇಡಿ. ಮಕ್ಕಳನ್ನಂತೂ ಕೋಳಿ ಹತ್ರ ಬಿಡ್ಲೇಬೇಡಿ. ಮನುಷ್ಯರಿಗೂ ಅಂಟಬಹುದು" ಎಂದು ಪಕ್ಕದ ಮನೆಯತ್ತ ನಡೆದಳು.

ಟೈಲರಮ್ಮ ಕಾಲು ತೆಗೆದಳು. ಯಂತ್ರ ನಿಂತಿತು.

"ಈ ವಯಸ್ಸಲ್ಲಿ ನನ್ನ ಕೈಲಿ ಸುಳ್ಳು ಹೇಳಿಸ್ದೆ ನೋಡು" ಎಂದಳು ಅತ್ತೆ.

"ನಿನ್ನೆ ಸಕ್ಕರೆ ಡಬ್ಬಿ ಮುಟ್ಟೇ ಇಲ್ಲ ಅಂದ್ರಲ್ಲ?"

"ಅದು ಸುಳ್ಳಲ್ಲ ಕಣೇ. ಆರೋಗ್ಯದ ವಿಷಯ."

ರೋಗದ ಲಕ್ಷಣಗಳನ್ನು ಮೈಕಿನ ಗಾಡಿ ಬೀದಿಬೀದಿ ಕೂಗಿಕೊಂಡು ಹೋಗಿತ್ತು. ಕೋಳಿ ಮೇವು ಬಿಡುತ್ತದೆ, ಪುಕ್ಕ ಕೆದರಿಕೊಂಡು ಮೂಲೆ ಹಿಡಿಯುತ್ತದೆ, ಮಂಕಾಗಿರುತ್ತದೆ. ಕೇಳಿ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಕಾವಿಗೆ ಕೂತಿರೋದು ಮತ್ತಿನ್ನೇನು ಮಾಡತ್ತೆ? ಡ್ಯಾನ್ಸ್ ಮಾಡತ್ತಾ?" ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅಷ್ಟು ಸರಿಯಾದ ಮಾತಿನ ಧೈರ್ಯದ ಮೇಲೇ ಬುಟ್ಟಿ ಕೋಳಿಗೂಡಿನಿಂದ ಮೇಜಿನ ಕೆಳಗೆ ಬಂದಿತ್ತು. ಅದರ ಹಿಂದೆಯೇ ಮಗಳು ಪುಟ್ಟಿಯ ಹಾಸಿಗೆಯೂ ಬಂದಿತ್ತು. ಮರಿಗಳ ಮಾತು ಮೊದಲು ತನಗೇ ಕೇಳಿಸಬೇಕೆಂದು ಅವಳು ರಾತ್ರಿ ಬುಟ್ಟಿಗೆ ಕಿವಿ ಹಚ್ಚಿಯೇ ಮಲಗುತ್ತಿದ್ದಳು.

ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ಯಾರೋ ಏನು, ಅಲ್ಲಿದ್ದವಳು ಪುಟ್ಟಿಯೊಬ್ಬಳೇ.

ಟೈಲರಮ್ಮ ಓಡಿಹೋಗಿ ಮಗಳ ಹಣೆ ಮುಟ್ಟಿದಳು. ಕೈ ತೆಗೆದು, ಸೀರೆಗೆ ಒರೆಸಿಕೊಂಡು, ಇನ್ನೊಮ್ಮೆ ಮುಟ್ಟಿದಳು. ಸುಡುತ್ತಿತ್ತು.

"ಯಾವಾಗಿಂದನೇ?"

"ನಿನ್ನೆಯಿಂದ ಗಂಟಲು ಉರೀತಿತ್ತು. ಹೇಳಿದ್ರೆ ಕೋಳಿ ಹತ್ರ ಮಲಗಕ್ಕೆ ಬಿಡಲ್ವಲ್ಲ, ಅದಕ್ಕೇ ಹೇಳ್ಲಿಲ್ಲ."

ಮುಚ್ಚಿಡುವುದನ್ನು ಈ ಮನೆಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಟೈಲರಮ್ಮ ಬಂದು ಪರದೆ ಸರಿಸಿ ಕುಕ್ಕರಗಾಲಲ್ಲಿ ಕೂತಳು. ಈ ಕೋಳಿಯ ಸಿಟ್ಟು ಅವಳಿಗೆ ಚೆನ್ನಾಗಿ ಗೊತ್ತು. ಹೊಟ್ಟೆಯ ಕೆಳಗೆ ಕೈ ಹಾಕಿದವರ ಮಣಿಕಟ್ಟನ್ನು ಅದು ರಕ್ತ ಬರುವ ಹಾಗೆ ಕುಕ್ಕುತ್ತಿತ್ತು; ಹಳೆಯ ಗಾಯಗಳು ಇನ್ನೂ ಮಾಯ್ದಿರಲಿಲ್ಲ. ಮೆಲ್ಲಗೆ ಕೈ ತೂರಿಸಿದಳು. ಕೋಳಿ ಒಂದು ಕಣ್ಣು ತೆರೆದು ನೋಡಿತು. ಮತ್ತೆ ಮುಚ್ಚಿಕೊಂಡಿತು.

"ಕುಕ್ಕೇ" ಎಂದಳು ಟೈಲರಮ್ಮ. "ಒಂದೇ ಒಂದ್ಸಲ ಕುಕ್ಕೇ, ನಮ್ಮಮ್ಮ."

ಅದು ಕುಕ್ಕಲಿಲ್ಲ.

"ನಿನ್ನ ಕೈ ಅದಕ್ಕೂ ರೂಢಿಯಾಗಿರತ್ತೆ" ಎಂದಳು ಅತ್ತೆ. "ಮರಿ ಒಡೆಯೋ ಹೊತ್ತಿಗೆ ಕೆಲವು ಕೋಳಿ ಹೀಗೇ ಸುಮ್ಮನಾಗ್ತಾವೆ."

"ಆಗ್ತಾವಾ, ಅತ್ತೆ?"

ಅತ್ತೆ ಕೈಯಲ್ಲಿದ್ದ ಬೆಳ್ಳುಳ್ಳಿ ಎಸಳನ್ನೇ ತಿರುಗಿಸಿ ನೋಡಿದಳು. ಅದನ್ನು ಆಗಲೇ ಸುಲಿದಾಗಿತ್ತು. "ಆಗ್ತಾವೆ ಅಂತ ಅನ್ಕೊಂಡಿದೀನಿ" ಎಂದಳು.

ಅಂಗೈಯ ಕೆಳಗೆ ಒಂದು ಮೊಟ್ಟೆ ತಾನಾಗಿಯೇ ಅಲುಗಿತು. ಟೈಲರಮ್ಮ ಬೆಂಕಿ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. ಚಪ್ಪಲಿ ಮೆಟ್ಟದೆ, ಅಳತೆಯ ಟೇಪು ಕೊರಳಲ್ಲಿ ನೇತಾಡುತ್ತಿದ್ದ ಹಾಗೇ ಬೀದಿಗೆ ಓಡಿದಳು. "ಡಾಕ್ಟ್ರೇ! ಇದೆ! ನಮ್ಮನೇಲಿದೆ!" ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ಡಾಕ್ಟರು ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು. ಪುಟ್ಟಿಯನ್ನು ದೂರದಿಂದಲೇ ನೋಡಿ, ಯಾರಿಗೋ ಫೋನು ಮಾಡಿ, ಹೊಸ ಕೈಗವಸು ತೊಡುತ್ತ ಹೇಳಿದಳು: "ಆಸ್ಪತ್ರೆಯವರು ಈಗ್ಲೇ ಬರ್ತಾರೆ. ಅಲ್ಲೀತನಕ ಮಗೂನ ಹಿತ್ತಲಿಗೆ ಕರ್ಕೊಂಡೋಗಿ ಚೆನ್ನಾಗಿ ಕೈ ತೊಳೀರಿ. ನೀವೂ ತೊಳ್ಕೊಳಿ."

"ಕೋಳಿಗೆ ರೋಗ ಇದ್ಯಾ?"

"ನೋಡಿ ಹೇಳಕ್ಕಾಗಲ್ಲ, ಅಕ್ಕಾ."

ಆಳು ಚೀಲ ಕೊಡವಿ ಬಾಯಿ ಬಿಡಿಸಿದ. ಅತ್ತೆ ಹೊಸ್ತಿಲು ಬಿಟ್ಟು ಎದ್ದಳು.

ಹಿತ್ತಲ ನಲ್ಲಿಯ ಕೆಳಗೆ ಟೈಲರಮ್ಮ ಮಗಳ ಎರಡೂ ಕೈಗಳಿಗೆ ಸೋಪು ಹಚ್ಚಿದಳು. ಬೆರಳ ಸಂದಿ, ಉಗುರಿನ ಅಡಿ, ಮೊಣಕೈವರೆಗೂ ತಿಕ್ಕಿದಳು. ತೊಳೆದಳು. ಮತ್ತೆ ಹಚ್ಚಿದಳು. ಪುಟ್ಟಿ ಮನೆಯ ಕಡೆಗೆ ಕತ್ತು ತಿರುಗಿಸಿಕೊಂಡೇ ನಿಂತಿದ್ದಳು.

"ಅಮ್ಮಾ, ಸಾಕು. ಎಲ್ಲಾ ಹೋಯ್ತು."

"ಇನ್ನೊಂದ್ಸಲ."

ಮಗುವಿನ ಬೆರಳ ತುದಿಗಳು ಆಗಲೇ ಬಿಳಿಚಿ, ನೆನೆದು ಸುಕ್ಕುಗಟ್ಟಿದ್ದವು.