ದೊಡ್ಡ ಮ್ಯಾಚಿಗೆ ಮಡಗಿದ ಬ್ಯಾಟು

ನಾನು ಒಂದು ಶಟಲ್ ಬ್ಯಾಟು. ರಾಕೆಟ್ ಎಂಬುದು ನನ್ನ ನಿಜವಾದ ಹೆಸರು. ಮಂಡ್ಯಕ್ಕೆ ಬಂದ ಮೇಲೆ ಆ ಹೆಸರಿನಿಂದ ಕರೆದವರಿಲ್ಲ, ನಾನೂ ಬ್ಯಾಟಾಗಿಯೇ ಉಳಿದುಬಿಟ್ಟೆ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕೂದಲಿನಷ್ಟು ಸಣ್ಣ ಕಪ್ಪು ಎಳೆಗಳನ್ನು ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿಟ್ಟು ಬೇಯಿಸಿ, ಬಣ್ಣ ಬಳಿದು ನನ್ನನ್ನು ಹೊರಗೆ ತೆಗೆದರು. ತೂಕ ನೋಡಿದವನು ತಲೆದೂಗಿದ್ದು ಇನ್ನೂ ನೆನಪಿದೆ. ಅಷ್ಟು ಹಗುರ, ಅಷ್ಟು ಗಟ್ಟಿ. ಇಂಥವನು ಆಡುವುದಕ್ಕಲ್ಲದೆ ಇನ್ಯಾತಕ್ಕೆ ಹುಟ್ಟುತ್ತಾನೆ ಎಂದುಕೊಂಡಿದ್ದೆ.

ಮೈಸೂರಿನ ಅಂಗಡಿಯಲ್ಲಿ ನನಗೆ ತಂತಿ ಕಟ್ಟಿದರು. ಆಟಗಾರರು ಇದಕ್ಕೆ ಗಟ್ಟಿಂಗ್ ಎನ್ನುತ್ತಾರೆ. ಅಂಗಡಿಯವನು ಎಷ್ಟು ಬಿಗಿಯಾಗಿ ಎಳೆದನೆಂದರೆ ಬೆರಳಿನಿಂದ ತಟ್ಟಿದರೆ ಕಿಣ್ ಎನ್ನುತ್ತಿದ್ದೆ. ಅಂದೇ ಸಂಜೆ ವಿಶಾಲಾಕ್ಷಿ ಎಂಬ ತಾಯಿ, ಮಗಳು ಇಂಚರಳನ್ನು ಕರೆದುಕೊಂಡು ಬಂದರು. ತಾಯಿ ಮನೆಯಲ್ಲೇ ರವಿಕೆ ಹೊಲಿಯುವವರು. ಮಗಳು ಜಿಲ್ಲೆಗೆ ಮೊದಲು ಬಂದಿದ್ದಳು, ಅದಕ್ಕೇ ನಾನು. ಹುಡುಗಿ ನನ್ನ ಹಿಡಿಯನ್ನು ಹಿಡಿದು ಅಂಗಡಿಯಲ್ಲೇ ಒಮ್ಮೆ ಬೀಸಿದಳು. ಆ ಒಂದು ಬೀಸಿಗೆ ನಾನು ಅವಳವನಾಗಿಹೋದೆ.

ಮನೆಗೆ ಹೋದ ಕೂಡಲೇ ವಿಶಾಲಾಕ್ಷಿ ನನ್ನನ್ನು ಅವಳ ಕೈಯಿಂದ ತೆಗೆದುಕೊಂಡರು.

"ದೊಡ್ಡ ಮ್ಯಾಚ್‌ಗೆ ಮಡಗಿರ್ತೀನಿ ಕಣವ್ವ. ದಿನಾ ಆಡಿ ಹಾಳ್ ಮಾಡ್ಕೋಬೇಡ."

ಆಮೇಲೆ ಬೀರು. ಪಕ್ಕದಲ್ಲಿ ಮದುವೆಯ ರೇಷ್ಮೆ ಸೀರೆ, ಸುತ್ತ ನುಸಿಗುಳಿಗೆಯ ವಾಸನೆ. ಬೀಗ ಬೇರೆ! ಮಗಳು ಹಠ ಮಾಡಲಿಲ್ಲ. ಅವಳ ತರಬೇತುದಾರ ಇಸ್ಮಾಯಿಲ್ ಸರ್ ತಮ್ಮದೊಂದು ಹಳೆಯ ಬ್ಯಾಟು ಕೊಟ್ಟಿದ್ದರು. ಅದು ಭಾರ, ಬಣ್ಣ ಕಿತ್ತದ್ದು, ಮೂತಿ ಸೊಟ್ಟಗಿರುವಂಥದ್ದು. ಅದನ್ನೇ ಹಿಡಿದು ಬೆಳಿಗ್ಗೆ ಐದಕ್ಕೆ ಓಡುತ್ತಿದ್ದಳು. ಬೀರುವಿನ ಬಾಗಿಲಿನಾಚೆ ಅವಳ ಚಪ್ಪಲಿಯ ಸದ್ದು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಸೊಟ್ಟ ಮೂತಿಯವನಿಗೆ ಕೋರ್ಟು, ನನಗೆ ಕತ್ತಲು.

ವರ್ಷಕ್ಕೊಮ್ಮೆ ಆಯುಧಪೂಜೆಗೆ ಮಾತ್ರ ಹೊರಗೆ. ಹೊಲಿಗೆ ಯಂತ್ರದ ಪಕ್ಕ ಕೂರಿಸಿ, ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ, ಕೈ ಮುಗಿದು ಮತ್ತೆ ಒಳಗಿಡುತ್ತಿದ್ದರು. ಯಂತ್ರ ಮಾರನೆಯ ದಿನ ಕೆಲಸಕ್ಕೆ ಹೋಗುತ್ತಿತ್ತು. ನಾನು ದೇವರಾಗಿ ಕೂತಿದ್ದೆ. ಇಂಥ ಮರ್ಯಾದೆ ಯಾರಿಗೆ ಬೇಕಿತ್ತು?

ಅಲ್ಲಿ ಕೂತಲ್ಲೇ ನನಗೊಂದು ಕೇಡಾಗುತ್ತಿತ್ತು. ತಂತಿ ಆಡಿದರೂ ಸಡಿಲವಾಗುತ್ತದೆ, ಆಡದಿದ್ದರೂ ಸಡಿಲವಾಗುತ್ತದೆ. ಎರಡು ಬೇಸಿಗೆ ಆ ಕಬ್ಬಿಣದ ಪೆಟ್ಟಿಗೆಯಲ್ಲಿ ಬೆಂದು ನನ್ನ ಬಿಗಿ ಹೊರಟುಹೋಯಿತು. ನನಗೆ ಗೊತ್ತಾಗುತ್ತಿತ್ತು, ಹೇಳುವುದಕ್ಕೆ ಬಾಯಿಲ್ಲ. ಹೊರಗಿಂದ ನೋಡಿದರೆ ಹೊಸ ಮದುಮಗನ ಹಾಗೆ ಫಳಫಳ ಹೊಳೆಯುತ್ತಿದ್ದೆ.

ದೊಡ್ಡ ಮ್ಯಾಚು ಕೊನೆಗೂ ಬಂತು. ಹದಿನೈದರೊಳಗಿನ ಹುಡುಗಿಯರ ರಾಜ್ಯ ತಂಡಕ್ಕೆ ಮೈಸೂರಿನಲ್ಲಿ ಆಯ್ಕೆ. ಆ ವಯಸ್ಸಿನ ಗುಂಪಿನಲ್ಲಿ ಇಂಚರಳಿಗೆ ಅದೇ ಕೊನೆಯ ವರ್ಷ. ಹಳೆಯ ಬ್ಯಾಟಿನಲ್ಲೇ ಒಬ್ಬೊಬ್ಬರನ್ನಾಗಿ ಸೋಲಿಸಿ ಕೊನೆಯ ಪಂದ್ಯಕ್ಕೆ ಬಂದಳು. ಗೆದ್ದರೆ ತಂಡದಲ್ಲಿ ಜಾಗ, ಸೋತರೆ ಮನೆ. ಅಂದು ಬೆಳಿಗ್ಗೆ ವಿಶಾಲಾಕ್ಷಿ ನನ್ನನ್ನು ಸೆರಗಿನಿಂದ ಒರೆಸಿ ಮಗಳ ಕೈಗೆ ಕೊಟ್ಟು, ಗ್ಯಾಲರಿಯ ಮೇಲಿನ ಸಾಲಿಗೆ ಹತ್ತಿ ಕೂತರು. ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

ಮೊದಲ ಹೊಡೆತಕ್ಕೇ ಗೊತ್ತಾಯಿತು. ಗೆರೆಯ ಒಳಗೆ ಬೀಳಬೇಕಾದ ಕಾಕು, ಅಂದರೆ ಗರಿಯ ಚೆಂಡು, ಗೆರೆ ದಾಟಿ ಹೋಯಿತು. ಅವಳು ಕೈ ಬಿಗಿ ಹಿಡಿದಳು, ಆಗ ಕಾಕು ಬಲೆಗೆ ಬಡಿಯಿತು. ದಿನವೂ ಭಾರದ ಬ್ಯಾಟು ಬೀಸಿದ ಕೈಗೆ ನನ್ನ ಹಗುರ ಹಿಡಿಯೂ ಹೊಸದು, ನನ್ನ ಸಡಿಲ ತಂತಿಯ ನೆಗೆತವೂ ಹೊಸದು. ಎದುರಿನ ಹುಡುಗಿ ಏನೂ ಮಾಡಬೇಕಿರಲಿಲ್ಲ, ಸುಮ್ಮನೆ ನಿಂತು ಅಂಕ ತೆಗೆದುಕೊಂಡಳು. ಮೊದಲ ಆಟ ಹೋಯಿತು.

ಇಸ್ಮಾಯಿಲ್ ಸರ್ ಹತ್ತಿರ ಬಂದು ಹಳೆಯ ಬ್ಯಾಟನ್ನು ಚೀಲದಿಂದ ಎಳೆದು ಕೊಟ್ಟರು. ಇಂಚರ ತಲೆಯಾಡಿಸಿದಳು. ಎರಡನೆಯ ಆಟದ ಮಧ್ಯದ ಬಿಡುವಿನಲ್ಲೂ ಕೊಟ್ಟರು. ಆಗಲೂ ಬೇಡ ಎಂದಳು. ನನ್ನ ಹಿಡಿಯನ್ನೇ ಇನ್ನಷ್ಟು ಗಟ್ಟಿಯಾಗಿ ಅಮುಕಿದಳು. ಬಿಡು, ನನ್ನನ್ನು ಕೆಳಗಿಡು ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಆದರೂ ಸುಳ್ಳೇಕೆ ಹೇಳಲಿ, ಇವಳಿಗೆ ನನ್ನ ಮೇಲೆ ಎಷ್ಟು ನಂಬಿಕೆ ಎಂದು ಒಂದು ಕಡೆ ಹೆಮ್ಮೆಯೂ ಆಯಿತು. ಅವಳು ಸೋತಳು.

ಪಂದ್ಯ ಮುಗಿದ ಮೇಲೆ ಸರ್ ನನ್ನ ತಂತಿಯನ್ನು ಅಂಗೈಗೆ ಬಡಿದು ನೋಡಿದರು. ದಪ್ ಎಂದಿತು. ಒಂದು ದಿನವೂ ಆಡಿಸಿಲ್ಲ ಸಾರ್, ಹೊಸದು ಎಂದು ವಿಶಾಲಾಕ್ಷಿ ಹೇಳಿದರು. ಅದಕ್ಕೇ ಹೀಗಾಗಿರುವುದು ಎಂದರು ಸರ್.

ಆಮೇಲೆ ನನ್ನನ್ನು ಬೀರುವಿಗೆ ಹಾಕಲಿಲ್ಲ. ಸರ್ ಹೊಸ ತಂತಿ ಕಟ್ಟಿಸಿದರು, ಇಂಚರ ದಿನವೂ ಆಡಿದಳು. ನಮ್ಮಿಬ್ಬರಿಗೂ ಕೈ ಕೂಡಿತು. ಇದು ಮೊದಲೇ ಆಗಿದ್ದರೆ ಎಂದು ಪ್ರತಿ ಹೊಡೆತಕ್ಕೂ ಅನಿಸುತ್ತಿತ್ತು. ಅದೂ ಹೆಚ್ಚು ಕಾಲ ನಡೆಯಲಿಲ್ಲ. ಒಂದು ಸಂಜೆ ಜೋಡಿ ಆಟದಲ್ಲಿ ಇಂಚರಳೂ ಅವಳ ಜೊತೆಗಾತಿಯೂ ಒಂದೇ ಕಾಕಿಗೆ ಬೀಸಿದರು, ಎರಡು ಬ್ಯಾಟು ಡಿಕ್ಕಿ ಹೊಡೆದವು, ನನ್ನ ತಲೆ ಸೀಳಿತು.

ಇಂಚರ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಅವಳ ತಾಯಿ ತಿಂಡಿ ಡಬ್ಬಿ ಹಿಡಿದು ಹಿಂದೆಯೇ ನಿಂತಿದ್ದರು. ಸರ್ ನನ್ನ ಸೀಳನ್ನು ನೋಡುತ್ತ, ಇಷ್ಟು ದಿನ ಒಳಗಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟರು.

"ಅವತ್ತು ಅಷ್ಟ್ ಹೇಳುದ್ರೂ ಬ್ಯಾಟ್ ಯಾಕ್ ಬದ್ಲಾಯಿಸ್ಲಿಲ್ಲ ನೀನು?"

"ಅಮ್ಮ ಮೇಲ್ ಕೂತಿದ್ರು ಸರ್. ಇದನ್ನ ಕೆಳಗಿಟ್ರೆ ಅವ್ರಿಗೆ ಬೇಜಾರಾಗ್ತಿತ್ತು."

ನನ್ನ ಹೆಮ್ಮೆ ಅಲ್ಲಿಗೆ ಮಣ್ಣುಪಾಲಾಯಿತು. ನಂಬಿಕೆಯೂ ಇಲ್ಲ, ಏನೂ ಇಲ್ಲ. ಅಮ್ಮನ ಮುಖ ಸಣ್ಣದಾಗಬಾರದೆಂದು ಹುಡುಗಿ ತಿಳಿದು ತಿಳಿದೂ ಸೋತಿದ್ದಳು. ವಿಶಾಲಾಕ್ಷಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಮಗಳ ಪಕ್ಕದಲ್ಲಿ ಕೂತರು.

"ಅಷ್ಟು ಮೇಲಿಂದ ನಂಗೆ ಏನ್ ಕಾಣ್ತಿತ್ತು ಮಗಳೇ, ನೀನ್ ಕಾಣ್ತಿದ್ದೆ ಅಷ್ಟೇ. ನಿನ್ ಕೈಲಿ ಯಾವ್ ಬ್ಯಾಟಿತ್ತು ಅಂತ ನಾನೆಲ್ಲಿ ನೋಡ್ದೆ?"

ಇಂಚರ ಮುಖ ಮುಚ್ಚಿಕೊಂಡು ಅತ್ತಳು. ಸೋತ ದಿನವೂ ಹಾಗೆ ಅತ್ತಿರಲಿಲ್ಲ.

ಈಗ ನಾನು ಕ್ರೀಡಾಂಗಣದ ಸಾಮಾನು ಕೋಣೆಯಲ್ಲಿದ್ದೇನೆ. ಕಾಕು ಮೇಲಿನ ತೊಲೆಗೆ ಸಿಕ್ಕಿಕೊಂಡಾಗ ನನ್ನನ್ನು ಎಸೆದು ಬೀಳಿಸುತ್ತಾರೆ. ಇಂಚರ ಹದಿನೇಳರೊಳಗಿನವರ ಆಯ್ಕೆಗೆ ಆಡುತ್ತಿದ್ದಾಳೆ, ಇನ್ನೂ ತಂಡಕ್ಕೆ ಬಂದಿಲ್ಲ. ಅವಳ ಹೊಡೆತದ ಸದ್ದು ಗೋಡೆಯಾಚೆಯಿಂದ ಕೇಳುತ್ತದೆ. ಯಾರ ಮೇಲೆ ಸಿಟ್ಟು ಮಾಡಲಿ? ತಾಯಿ ಮಗಳಿಗಾಗಿ ಮಡಗಿದರು, ಮಗಳು ತಾಯಿಗಾಗಿ ಸೋತಳು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಸಾಕಿತ್ತು.